ಬಸಳೆಗೊಡೆ, ಚಾಪೆಗನ್ನಡಿ: ಹಿರಿಯರ ಜೋಡಿ ನೆನಪಿನ ಜೊತೆ ನನ್ನ ಅನುಭವ

ಪ್ರಾಯವಾದಂತೆ ಬಿಡಿ ವಸ್ತುಗಳ ನೆನಪು ಅಷ್ಟಾಗಿ ಕೆಡುವುದಿಲ್ಲ, ಎರಡರ ನಡುವಿನ ಗಂಟು ಸಡಿಲವಾಗುತ್ತದೆ. ಮನಶ್ಶಾಸ್ತ್ರಜ್ಞ ಮೋಶೆ ನವೇ-ಬೆಂಜಮಿನ್ 2000ದಲ್ಲಿ ಬರೆದ ಈ ಮಾತು ನೆನಪಿನ ಪರೀಕ್ಷೆ ಮಾಡುವ ನಮ್ಮ ಕೆಲಸದವರಿಗೆಲ್ಲ ಗೊತ್ತಿದ್ದದ್ದೇ. ಆ ಗಂಟನ್ನು ಕನ್ನಡದ ಸಮಾಸದಿಂದಲೇ, ಅಂದರೆ ಮಳೆ, ಕಾಲ ಕೂಡಿ ಮಳೆಗಾಲ ಆದ ಹಾಗೆ ಎರಡು ಪದವನ್ನು ಒಂದು ಮಾಡಿ, ಬಿಗಿಯಬಹುದು ಎಂದು ನಾನು ಹೇಳಿದಾಗ ಮಾತ್ರ, 'ಅಜ್ಜ ಅಜ್ಜಿಯರಿಗೆ ಆದೇಶ ಸಂಧಿ ಪಾಠವಾ ಮಾರಾಯ್ರೆ?' ಎಂದು ನಕ್ಕವರೇ ಹೆಚ್ಚು. ಹಿರಿಯರಿಗೂ ಕಾಲೇಜು ಹುಡುಗರಿಗೂ ಕಾರ್ಡಿನಲ್ಲಿ ಜೋಡಿ ಪದ ತೋರಿಸಿ ಆಮೇಲೆ ನೆನಪು ಕೇಳುವ ಪರೀಕ್ಷೆ ಈಗ ಉಡುಪಿಯಲ್ಲಿ ಎರಡು ಸುತ್ತು, ಮಂಗಳೂರಿನಲ್ಲಿ ಒಂದು ಸುತ್ತು ಮುಗಿದಿದೆ. ನಕ್ಕವರಲ್ಲಿ ಇಬ್ಬರು ಕಾರ್ಡಿನ ಸೆಟ್ ಕೇಳಿಕೊಂಡು ಬಂದಿದ್ದಾರೆ.

ಮೊದಲ ಸುತ್ತು ಪೂರ್ತಿ ದಂಡ. ಜೋಡಿಗಳನ್ನು ಅಡುಗೆಮನೆಯಿಂದಲೇ ಎತ್ತಿದ್ದೆ: ಬಸಳೆ–ಎಟ್ಟಿ (ಸಿಗಡಿ), ಗಂಜಿ–ಉಪ್ಪಿನಕಾಯಿ, ಮಟ್ಟುಗುಳ್ಳ (ಮಟ್ಟು ಊರಿನ ಬದನೆ)–ಹುಳಿ. ಎಪ್ಪತ್ತು ದಾಟಿದವರು ಕಾಲೇಜು ಹುಡುಗರ ಸಮಕ್ಕೆ ನಿಂತರು. ನೆನಪು ಚೆನ್ನಾಗಿತ್ತು ಅಂತಲ್ಲ, ಜೋಡಿ ಮೊದಲೇ ತಲೆಯಲ್ಲಿತ್ತು. ಸಂಬಂಧವೇ ಇಲ್ಲದ ಪದಗಳನ್ನು ಸೇರಿಸದಿದ್ದರೆ ಅಳೆಯಲಿಕ್ಕೆ ಏನೂ ಉಳಿಯುವುದಿಲ್ಲ.

ಎರಡನೆಯ ತಪ್ಪು ಪರೀಕ್ಷೆಯ ಕಾರ್ಡಿನದು, ಅಂದರೆ ಕೊನೆಗೆ ತೋರಿಸಿ 'ಇದು ಮೊದಲು ಕಂಡ ಜೋಡಿಯೇ?' ಎಂದು ಕೇಳುವ ಕಾರ್ಡಿನದು. ತಪ್ಪು ಜೋಡಿಯಲ್ಲಿ ಒಂದು ಹೊಸ ಪದ ಹಾಕಿದರೆ ಗಂಟಿನ ನೆನಪೇ ಬೇಡ, 'ಈ ಪದ ಬಂದಿರಲಿಲ್ಲ' ಎಂದು ಹೇಳಿ ಮುಗಿಸುತ್ತಾರೆ. ಎರಡೂ ಪದ ಕಂಡವೇ ಆಗಿರಬೇಕು, ಜೊತೆ ಮಾತ್ರ ಬದಲಾಗಿರಬೇಕು.

ಕಡೆಗೆ ನಿಂತ ಕ್ರಮ ಹೀಗೆ. ಒಂದು ಪಟ್ಟಿಗೆ 16 ಜೋಡಿ. ಕಾರ್ಡಿನಲ್ಲಿ ಸಂಧಿಯಾದ ಪದ, ಕೆಳಗೆ ಒಂದು ಸಾಲಿನ ಅರ್ಥ. ಬಸಳೆಗೊಡೆ: ಬಸಳೆ ಬಳ್ಳಿ ಹಬ್ಬಿಸಿ ನೆರಳಿಗೆ ಹಿಡಿಯುವ ಕೊಡೆ. ಚಾಪೆಗನ್ನಡಿ: ಚಾಪೆಯ ಹಾಗೆ ಸುರುಳಿ ಸುತ್ತಿ ಅಟ್ಟಕ್ಕೆ ಹಾಕುವ ಕನ್ನಡಿ. ಕಾರ್ಡಿಗೆ 8 ಸೆಕೆಂಡು. ಐದು ಕೊಟ್ಟರೆ ಅರ್ಥ ಓದುವುದರೊಳಗೆ ಕಾರ್ಡು ತಿರುಗಿರುತ್ತದೆ. ಆಮೇಲೆ ಪದಗಳನ್ನು ಮೆಲುಕು ಹಾಕದ ಹಾಗೆ ಒಂದೂವರೆ ನಿಮಿಷ ನೂರರಿಂದ ಮೂರು ಮೂರು ಕಳೆಯುತ್ತಾ ಹಿಂದಕ್ಕೆ ಎಣಿಸುವುದು. ಇಲ್ಲಿ ತುಳು ತಿಂಗಳುಗಳನ್ನು ಸುಗ್ಗಿಯಿಂದ ಪಗ್ಗುವಿನವರೆಗೆ ಉಲ್ಟಾ ಹೇಳಿಸಿ ನೋಡಿದೆ. ಅಜ್ಜಿಯರು ಸುಲಲಿತವಾಗಿ ಹೇಳಿದರು, ಹುಡುಗರು 'ಆಟಿ' ಒಂದು ಬಿಟ್ಟು ಬೇರೆ ಗೊತ್ತಿಲ್ಲ ಎಂದರು. ಮರಳಿ ಸಂಖ್ಯೆಗೇ ಬಂದೆ. ಕೊನೆಗೆ ಪರೀಕ್ಷೆ: 8 ಸರಿ ಜೋಡಿ, 8 ಅದಲುಬದಲು.

ಇನ್ನೊಂದು ಪಟ್ಟಿಯಲ್ಲಿ ಅದೇ ತರಹದ ಜೋಡಿಗಳನ್ನು ವಾಕ್ಯದಲ್ಲಿ ಕೊಟ್ಟೆ: 'ಬಸಳೆ ಚಪ್ಪರದ ಕೆಳಗೆ ಕೊಡೆ ಬಿದ್ದಿದೆ.' ವಾಕ್ಯದಲ್ಲಿ ಎರಡು ವಸ್ತು ಎರಡಾಗಿಯೇ ಉಳಿಯುತ್ತವೆ, ಸಮಾಸದಲ್ಲಿ ಒಂದಾಗುತ್ತವೆ. ಒಂದಾದದ್ದನ್ನು 'ಎಲ್ಲೋ ಕಂಡದ್ದು' ಎಂಬ ಪರಿಚಯದ ಬಲದಿಂದಲೇ ಗುರುತಿಸಬಹುದು. ಪ್ರಾಯದಲ್ಲಿ ಆ ಬಲ ಬಹುಮಟ್ಟಿಗೆ ಉಳಿದಿರುತ್ತದೆ, 'ಯಾವುದರ ಜೊತೆ ಕಂಡದ್ದು' ಎಂಬುದು ಮೊದಲು ಕೈಕೊಡುತ್ತದೆ. ನನ್ನ ಟಿಪ್ಪಣಿ ಪುಸ್ತಕದ ಲೆಕ್ಕ ನೆನಪಿನಿಂದ ಹೇಳುವುದಾದರೆ, 8 ಅದಲುಬದಲಿನಲ್ಲಿ ಪ್ರಾಯದವರು ವಾಕ್ಯದ ಪಟ್ಟಿಯಲ್ಲಿ ನಾಲ್ಕರಷ್ಟಕ್ಕೆ ಮೋಸಹೋದರು, ಸಮಾಸದಲ್ಲಿ ಎರಡಕ್ಕೆ. ಹುಡುಗರು ಎರಡರಲ್ಲೂ ಒಂದು, ಒಂದೂವರೆ. ಕೂತವರು ಇಪ್ಪತ್ತು ಚಿಲ್ಲರೆ ಹಿರಿಯರು, ಅಷ್ಟೇ ಹುಡುಗರು. ಸಣ್ಣ ಲೆಕ್ಕ, ಆದರೆ ದಂಡವಾದ ಮೊದಲನೆಯದು ಬಿಟ್ಟು ಉಳಿದೆರಡು ಸುತ್ತಿನಲ್ಲೂ ವಾಲಿದ್ದು ಒಂದೇ ಕಡೆಗೆ.

ಸಂಧಿಯಲ್ಲಿ ಕೈಸುಟ್ಟದ್ದನ್ನು ಹೇಳಲೇಬೇಕು. ಆದೇಶ ಸಂಧಿಯಲ್ಲಿ ಎರಡನೆಯ ಪದದ ಮೊದಲಕ್ಷರ ಬದಲಾಗುತ್ತದಲ್ಲ, ಶುರುವಿಗೆ ಅಲ್ಲಿ ಕ, ತ, ಪ ಮೂರನ್ನೂ ಹಾಕಿದ್ದೆ. ಪೆಟ್ಟಿಗೆ ಹೋಗಿ 'ವೆಟ್ಟಿಗೆ' ಆದಾಗ ಅದು ಏನೆಂದು ಯಾರಿಗೂ ತಿಳಿಯಲಿಲ್ಲ. ತ ಕೂಡ ಕೆಲವು ಕಡೆ ಮುಗ್ಗರಿಸಿತು. ಕ ಮಾತ್ರ ಗ ಆದರೂ ಕಿವಿಗೆ ಸಲೀಸು. ಮಳೆಗಾಲ, ಹಳೆಗನ್ನಡ ಎಂದು ನಾಲಿಗೆ ಪಳಗಿದೆ. ಹಾಗಾಗಿ ಎರಡನೆಯ ಪದಗಳೆಲ್ಲ ಕ-ಕಾರದವು: ಕೊಡೆ, ಕನ್ನಡಿ, ಕೊಡ, ಕದ, ಕೋಲು. ಇದರಿಂದ ಇನ್ನೊಂದು ಲಾಭ, ಅದಲುಬದಲು ಮಾಡಿದರೂ ಸಂಧಿ ಸಲೀಸಾಗಿ ಕೂರುತ್ತದೆ: ಬಸಳೆಗನ್ನಡಿ, ಚಾಪೆಗೊಡೆ. ಸರಿ ಜೋಡಿಗೆ ಸಂಧಿ, ತಪ್ಪು ಜೋಡಿಗೆ ಅಡ್ಡಗೆರೆ ಎಂದು ಮಾಡಿದರೆ ಕಾರ್ಡೇ ಉತ್ತರ ಹೇಳಿಬಿಡುತ್ತದೆ. ಒಮ್ಮೆ ಪರೀಕ್ಷೆಯ ಕಾರ್ಡುಗಳನ್ನೆಲ್ಲ 'ಬಸಳೆ–ಕೊಡೆ' ಎಂದು ಬಿಡಿಸಿ ಅಚ್ಚು ಹಾಕಿಸಿದ್ದೆ. ಲಾಭ ಅರ್ಧಕ್ಕರ್ಧ ಇಳಿಯಿತು. ಹೇಗೆ ಕಟ್ಟಿ ಕೊಟ್ಟಿರೋ ಹಾಗೇ ಕೇಳಬೇಕು. ಅರ್ಥದ ಸಾಲು ಬರೆಯುವುದರಲ್ಲೂ ಒಂದು ಹದ ಉಂಟು, ಅದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ.

ನಮ್ಮ ಹಿರಿಯರದ್ದು ಇನ್ನೊಂದು ರಗಳೆ, ಮರ್ಯಾದೆಗೆ ಎಲ್ಲದಕ್ಕೂ 'ಹೌದು ಹೌದು' ಎನ್ನುವುದು. ಸರಿ ಉತ್ತರ ಮಾತ್ರ ಎಣಿಸಿದರೆ ಎಲ್ಲರೂ ರ‍್ಯಾಂಕು. ಸರಿಗೆ ಹೌದು ಎಂದದ್ದರಿಂದ ತಪ್ಪಿಗೆ ಹೌದು ಎಂದದ್ದನ್ನು ಕಳೆಯದೆ ಅಂಕ ಹಾಕಬಾರದು. ಪಟ್ಟಿಯನ್ನು ಮೂರು ಸಲ ತೋರಿಸಿದರೆ ಸರಿಹೋದೀತು ಎಂದುಕೊಂಡವರಿಗೂ ಒಂದು ಮಾತು: ಬಿಡಿ ಪದಗಳ ಪರಿಚಯವೂ ಜೊತೆಗೇ ಏರುತ್ತದೆ, ಅದಲುಬದಲಿಗೂ ಹೌದು ಬೀಳುತ್ತದೆ.

ದುಡ್ಡು ಹೋದದ್ದು ಲ್ಯಾಮಿನೇಶನ್ನಿಗೆ. ಹೊಳಪಿನದ್ದು ಮಾಡಿಸಿ ಸುಮಾರು 1,800 ರೂಪಾಯಿ ನೀರುಪಾಲು. ಟ್ಯೂಬ್‌ಲೈಟ್ ಬೆಳಕು ಕಾರ್ಡಿನ ಮೇಲೆ ಬಿದ್ದು ಅಕ್ಷರವೇ ಕಾಣುತ್ತಿರಲಿಲ್ಲ. ಕಣ್ಣಿನ ತೊಂದರೆ ನೆನಪಿನ ಲೆಕ್ಕಕ್ಕೆ ಬರೆಯಲ್ಪಟ್ಟಿತು. ಈಗ ದಪ್ಪ ಕಾಗದ, ಮ್ಯಾಟ್, 48 ಪಾಯಿಂಟ್ ಅಕ್ಷರ. ಚಾ, ಗೋಳಿಬಜೆಯ ಖರ್ಚು ಮುದ್ರಣವನ್ನೂ ಮೀರಿತು. ಅದನ್ನು ಉಳಿಸಲು ಹೋಗಬೇಡಿ, ಎರಡನೆಯ ದಿನ ಜನ ಬರುವುದಿಲ್ಲ. ಹಿರಿಯರನ್ನು ಬೆಳಿಗ್ಗೆ ಹತ್ತರ ಆಸುಪಾಸಿಗೇ ಕೂರಿಸಿ. ಊಟದ ಮೇಲೆ ಅಂಕ ಇಳಿಯುತ್ತದೆ.

ನಡುವೆ ಮೀನಿನ ರೇಟಿನ ಆಟವೊಂದು. ಮನಶ್ಶಾಸ್ತ್ರಜ್ಞ ಆಲನ್ ಕ್ಯಾಸ್ಟೆಲ್ 2005ರಲ್ಲಿ ತೋರಿಸಿದ್ದು ಇದು: ದಿನಸಿಯ ಬೆಲೆ ವಾಸ್ತವಕ್ಕೆ ಹತ್ತಿರವಿದ್ದರೆ ಹಿರಿಯರು ಕಿರಿಯರಷ್ಟೇ ನೆನಪಿಡುತ್ತಾರೆ, ಅಸಂಬದ್ಧ ಬೆಲೆಯಲ್ಲಿ ಹಿಂದೆ ಬೀಳುತ್ತಾರೆ. ನಾನು ಬೂತಾಯಿ, ಬಂಗುಡೆ, ಅಂಜಲ್‌ಗೆ ಬಾಯಿಗೆ ಬಂದ ರೇಟು ಹಾಕಿದೆ. ಹಿರಿಯರು ಯಾವುದನ್ನೂ ಅಸಂಬದ್ಧ ಎಂದು ಒಪ್ಪಲಿಲ್ಲ! ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆ ನಿಷೇಧದ ರೇಟು ಕಂಡವರಿಗೆ ಬೂತಾಯಿ ಏನಾದರೂ ಆದೀತು. ಬೆಂಕಿಪೆಟ್ಟಿಗೆ, ಉಪ್ಪು, ಸಾಬೂನಿಗೆ ಬದಲಾಯಿಸಿದ ಮೇಲೆ ಫಲಿತಾಂಶ ದಾರಿಗೆ ಬಂತು.

ಮನೆಬಳಕೆಗೆ ಇದೇ ಉಪಾಯವನ್ನು ಮಾತ್ರೆಗೆ ಹಚ್ಚಿದ್ದೇನೆ. ಬೆಳಿಗ್ಗೆ ಗಂಜಿಯ ಮೇಲಿನದು ಗಂಜಿಗುಳಿಗೆ, ಸಂಜೆ ದೀಪ ಹಚ್ಚಿದ ಮೇಲಿನದು ದೀಪಗುಳಿಗೆ. ಡಬ್ಬಿಯ ಮೇಲೆ ದಪ್ಪಕ್ಷರದಲ್ಲಿ ಬರೆದೂ ಇಡಬೇಕು, ಬರೇ ನೆನಪನ್ನು ನಂಬಿಸಬಾರದು. ಕೆಡುವುದು ಮೆಡಿಕಲ್‌ನಲ್ಲಿ ಕಂಪನಿ ಬದಲಾದಾಗ. ಗುಲಾಬಿ ಮಾತ್ರೆಯ ಜಾಗಕ್ಕೆ ಬಿಳಿಯದು ಬಂದರೆ ಹಳೆಯ ಹೆಸರನ್ನೇ ಅಂಟಿಸಬೇಡಿ, ಗುಲಾಬಿ ಬಣ್ಣವೇ ಎದ್ದು ಬಂದು ಅಡ್ಡ ನಿಲ್ಲುತ್ತದೆ. ಹೊಸ ಹೆಸರು ಕಟ್ಟಿ, ಹಳೆಯ ಸ್ಟ್ರಿಪ್ ಮನೆಯಿಂದ ಹೊರಗೆ ಹಾಕಿಸಿ.