ನೋಟ್‌ಪ್ಯಾಡ್‌ನಲ್ಲಿ ಕಂಡ ನನ್ನ ರೆಸ್ಯೂಮೆ

ಹೆಸರಿನ ಜಾಗದಲ್ಲಿ ‘ಕರಿಕ್ಯುಲಮ್ ವೀಟೆ’ ಅಂತ ಬಂದಿತ್ತು. ಊರಿನ ಜಾಗದಲ್ಲಿ ‘ಟ್ಯಾಲಿ’, ಅಂದರೆ ಲೆಕ್ಕ ಬರೆಯುವ ಸಾಫ್ಟ್‌ವೇರಿನ ಹೆಸರು. ಒಟ್ಟು ಅನುಭವ ಸೊನ್ನೆ ವರ್ಷ. ಕಂಪನಿಯೊಂದರ ವೆಬ್‌ಸೈಟ್‌ಗೆ ರೆಸ್ಯೂಮೆ ಅಪ್‌ಲೋಡ್ ಮಾಡಿದ್ದೆ. ಅದನ್ನು ತಾನೇ ಓದಿಕೊಂಡು ಆ ಸೈಟ್ ತುಂಬಿದ ಫಾರ್ಮ್ ಹೀಗಿತ್ತು.

ನಾನು ಆರು ವರ್ಷ ಪೀಣ್ಯದ ಒಂದು ಸಣ್ಣ ಕಾರ್ಖಾನೆಯಲ್ಲಿ ಅಕೌಂಟ್ಸ್ ನೋಡಿಕೊಂಡವಳು. 2017ರ ಜುಲೈನಲ್ಲಿ ವ್ಯಾಟ್ ಹೋಗಿ ಜಿಎಸ್‌ಟಿ ಬಂದಾಗ ರಾತ್ರಿ ಒಂಬತ್ತರವರೆಗೆ ಕೂತು ಲೆಡ್ಜರ್‌ಗಳನ್ನೆಲ್ಲ ಹೊಸದಾಗಿ ಹೊಂದಿಸಿದವಳು. ಸೊನ್ನೆ ವರ್ಷ ಅಂದರೆ ಹೊಟ್ಟೆ ಉರಿಯುವುದಿಲ್ಲವೇ?

ಮಗಳು ಹುಟ್ಟಿದಾಗ, 2022ರಲ್ಲಿ ಕೆಲಸ ಬಿಟ್ಟಿದ್ದೆ. ಎರಡು ವರ್ಷ ಕಳೆದು ಮತ್ತೆ ಹುಡುಕಲು ಕೂತೆ. ಮೊದಲ ಕೆಲಸ ಸಿಕ್ಕಿದ್ದು ಪರಿಚಯದವರ ಮೂಲಕ. ಆಗ ತುಮಕೂರಿನ ಡಿಟಿಪಿ ಸೆಂಟರ್‌ನಲ್ಲಿ ಮಾಡಿಸಿದ ಬಯೋಡೇಟಾ ಕೈಯಲ್ಲಿ ಹಿಡಿದು ಹೋಗಿದ್ದೆ. ಸುತ್ತ ಬಾರ್ಡರ್, ಮೇಲೆ ಕನ್ನಡದಲ್ಲಿ ಹೆಸರು, ಒಳಗೆ ಅಪ್ಪನ ಹೆಸರು, ಹವ್ಯಾಸ, ಕೊನೆಗೆ ‘ಮೇಲಿನ ವಿವರಗಳೆಲ್ಲ ಸತ್ಯ’ ಎಂಬ ಡಿಕ್ಲರೇಶನ್. ಈ ಸಲ ಅದು ಹಳೇ ಕಾಲದ್ದು ಅನಿಸಿತು. ಒಂದು ಡಿಸೈನ್ ಸೈಟ್‌ನಿಂದ ಪುಕ್ಕಟೆ ಟೆಂಪ್ಲೇಟ್ ತೆಗೆದುಕೊಂಡೆ. ಎಡಗಡೆ ನೀಲಿ ಪಟ್ಟಿ, ಅದರಲ್ಲಿ ದುಂಡಗಿನ ಫೋಟೋ, ಟ್ಯಾಲಿಗೆ ಐದು ನಕ್ಷತ್ರ, ಎಕ್ಸೆಲ್‌ಗೆ ನಾಲ್ಕು. ಮದುವೆ ಕಾರ್ಡಿನಷ್ಟು ಚೆನ್ನಾಗಿತ್ತು. ಮೂರು ತಿಂಗಳಲ್ಲಿ ನಲವತ್ತು ಕಡೆ ಕಳಿಸಿದೆ. ಬಂದಿದ್ದು ಒಂದೇ ಫೋನ್. ಅದೂ ಇನ್ಶೂರೆನ್ಸ್ ಪಾಲಿಸಿ ಮಾರುವ ಕೆಲಸಕ್ಕೆ.

ಸೊನ್ನೆ ವರ್ಷದ ಫಾರ್ಮ್ ನೋಡಿದ ದಿನ ತಮ್ಮನಿಗೆ ಫೋನ್ ಮಾಡಿದೆ. ‘ಅಕ್ಕಾ, ಪಿಡಿಎಫ್ ತೆಗಿ. ಕಂಟ್ರೋಲ್ ಎ, ಕಂಟ್ರೋಲ್ ಸಿ ಒತ್ತು. ನೋಟ್‌ಪ್ಯಾಡ್‌ಗೆ ಪೇಸ್ಟ್ ಮಾಡು. ಅಲ್ಲಿ ಏನು ಕಾಣತ್ತೋ, ಹೆಚ್ಚುಕಡಿಮೆ ಅದೇ ಅವರ ಕಂಪ್ಯೂಟರಿಗೂ ಕಾಣೋದು’ ಅಂದ.

ಮಾಡಿದೆ. ಎಡಗಡೆಯ ಸಾಲು, ಬಲಗಡೆಯ ಸಾಲು ಒಂದರೊಳಗೊಂದು ಕಲಸಿಹೋಗಿದ್ದವು. ‘ಟ್ಯಾಲಿ ಸೀನಿಯರ್ ಎಂಎಸ್ ಎಕ್ಸೆಲ್ ಅಕೌಂಟೆಂಟ್ ಕನ್ನಡ 2016’ ಅಂತ ಒಂದೇ ಉಸಿರಿನಲ್ಲಿ. ನಕ್ಷತ್ರಗಳು ಮಾಯ. ಇನ್ನೂ ಒಂದು ತಮಾಷೆಯಿತ್ತು. ಕೆಲವು ಇಂಗ್ಲಿಷ್ ಫಾಂಟ್‌ಗಳಲ್ಲಿ ಎಫ್ ಪಕ್ಕ ಐ ಬಂದರೆ, ನಮ್ಮ ಒತ್ತಕ್ಷರದ ಹಾಗೆ ಎರಡೂ ಅಂಟಿಕೊಂಡು ಒಂದೇ ಅಚ್ಚಾಗುತ್ತವೆ. ನೋಡಲು ಚೆಂದ. ಆದರೆ ನನ್ನ ಫೈಲಿನಿಂದ ಕಾಪಿ ಮಾಡುವಾಗ ಆ ಜೋಡಿಯೇ ಬಿದ್ದುಹೋಗಿತ್ತು. ‘ರಿಟರ್ನ್ ಫೈಲಿಂಗ್’ ಇದ್ದ ಕಡೆಯೆಲ್ಲ ‘ರಿಟರ್ನ್ ಲಿಂಗ್’ ಉಳಿದಿತ್ತು.

ಪಿಡಿಎಫ್ ಅನ್ನೋದು ಮುಖ್ಯವಾಗಿ ‘ಈ ಅಕ್ಷರ ಪುಟದ ಈ ಜಾಗದಲ್ಲಿರಲಿ’ ಎಂಬ ಲೆಕ್ಕ. ಇದು ಎಡ ಕಾಲಂ, ಇದು ಬಲ ಕಾಲಂ ಎಂಬ ಮಾಹಿತಿ ಅದರಲ್ಲಿ ಇರಲೇಬೇಕೆಂದಿಲ್ಲ. ಓದುವ ಸಾಫ್ಟ್‌ವೇರ್ ಅಕ್ಷರಗಳನ್ನು ಸಾಲಾಗಿ ಜೋಡಿಸಿಕೊಂಡು, ಹೆಸರು ಯಾವುದು, ಕಂಪನಿ ಯಾವುದು ಅಂತ ಊಹೆ ಮಾಡಿ ಫಾರ್ಮ್ ತುಂಬುತ್ತದೆ. ಇದು ತಿಳಿದ ಮೇಲೆ ನನ್ನ ಮೇಲೇ ಸಿಟ್ಟು ಬಂತು. ಜಿಎಸ್‌ಟಿ ಆಫ್‌ಲೈನ್ ಟೂಲ್‌ಗೆ ಎಕ್ಸೆಲ್ ಹಾಕುವಾಗ ತಾರೀಖು ಬರೆಯುವ ರೀತಿ ಬೇರೆಯಾದರೆ ಎರರ್. 15 ಅಕ್ಷರದ ಜಿಎಸ್‌ಟಿ ನಂಬರಿನಲ್ಲಿ ಒಂದು ತಪ್ಪಿದರೂ ಎರರ್. ‘ಫಾರ್ಮ್ಯಾಟ್ ಸರಿಯಾಗಿ ಕಳಿಸಿ ಸಾರ್’ ಅಂತ ಪಾರ್ಟಿಗಳ ಜೊತೆ ದಿನಾ ಜಗಳ ಆಡುತ್ತಿದ್ದವಳು ನಾನೇ ಅಲ್ವಾ?

ಟೆಂಪ್ಲೇಟ್ ಬಿಟ್ಟೆ. ವರ್ಡ್‌ನಲ್ಲಿ ಖಾಲಿ ಎ4 ಪುಟ ತೆರೆದು ಮೊದಲಿಂದ ಟೈಪ್ ಮಾಡಿದೆ. ಒಂದೇ ಕಾಲಂ. ಟೇಬಲ್ ಇಲ್ಲ, ಟೆಕ್ಸ್ಟ್ ಬಾಕ್ಸ್ ಇಲ್ಲ, ಫೋಟೋ ಇಲ್ಲ. ಕ್ಯಾಲಿಬ್ರಿ ಫಾಂಟ್, 11ರ ಸೈಜು. ‘ಮೈ ಜರ್ನಿ’ ಎಂಬ ತಲೆಬರಹ ಹೋಗಿ ಎಲ್ಲರೂ ಬರೆಯುವ ‘ವರ್ಕ್ ಎಕ್ಸ್‌ಪೀರಿಯೆನ್ಸ್’ ಬಂತು.

ಆದರೂ ಒಂದು ಕಡೆ ಎಡವಿದೆ. ಪುಟದಲ್ಲಿ ಜಾಗ ಉಳಿಯಲಿ ಅಂತ ಹೆಸರು, ಫೋನ್, ಇಮೇಲ್ ಮೂರನ್ನೂ ಹೆಡರ್‌ನಲ್ಲಿ ಹಾಕಿದ್ದೆ. ನೋಟ್‌ಪ್ಯಾಡ್‌ಗೆ ಸುರಿದಾಗ ಆ ಮೂರೂ ಇಲ್ಲ. ವರ್ಡ್ ಫೈಲಿನೊಳಗೆ ಹೆಡರ್‌ಗೆ ಬೇರೆಯದೇ ಒಂದು ಫೈಲ್ ಇರುತ್ತದಂತೆ. ಕೆಲವು ಸಾಫ್ಟ್‌ವೇರ್ ಅದನ್ನು ತೆರೆಯುವುದೇ ಇಲ್ಲ. ಆರು ವರ್ಷದ ಅನುಭವ ಇದೆ, ಯಾರದ್ದು ಅಂತ ಗೊತ್ತಿಲ್ಲ. ಸಹಿ ಇಲ್ಲದ ಚೆಕ್! ಮೂರನ್ನೂ ಕೆಳಗಿಳಿಸಿ ಪುಟದ ಮೊದಲ ಸಾಲಿಗೆ ತಂದೆ. ಡಿಟಿಪಿಯವರ ಹಳೇ ಫೈಲಿನಿಂದ ಕನ್ನಡದ ಹೆಸರನ್ನೂ ತರಲು ನೋಡಿದೆ. ಅದು ನುಡಿ ಎಂಬ ಕನ್ನಡ ಟೈಪಿಂಗ್ ಸಾಫ್ಟ್‌ವೇರಿನ ಹಳೇ ಫಾಂಟ್. ಕನ್ನಡಕ್ಕೇ ಬೇರೆ ಕೋಡ್ ಕೊಟ್ಟಿರುವ ಯೂನಿಕೋಡ್ ಅಲ್ಲ. ಒಳಗಿರುವುದು ಇಂಗ್ಲಿಷ್ ಅಕ್ಷರಗಳ ಕೋಡ್, ಮೇಲೆ ಕನ್ನಡದ ಮುಖವಾಡ. ನೋಟ್‌ಪ್ಯಾಡ್‌ನಲ್ಲಿ ಮುಖವಾಡ ಕಳಚಿ ಯಾವುದೋ ಬೀಜಮಂತ್ರ ಕಾಣಿಸಿತು. ಬಿಟ್ಟೆ.

ಹೆಸರಿನ ಕಥೆ ಅಲ್ಲಿಗೆ ಮುಗಿಯಲಿಲ್ಲ. ಫಾರ್ಮ್‌ಗಳಲ್ಲಿ ‘ಲಾಸ್ಟ್ ನೇಮ್’ ಅಂತ ಒಂದು ಖಾನೆ ಇರುತ್ತದೆ. ತುಂಬದಿದ್ದರೆ ಮುಂದಕ್ಕೆ ಬಿಡುವುದಿಲ್ಲ. ನಮ್ಮ ಕಡೆ ಎಷ್ಟೋ ಜನಕ್ಕೆ ಸರ್‌ನೇಮ್ ಎಲ್ಲಿದೆ? ನನಗಿರುವುದು ಟಿ. ಆರ್. ಎಂಬ ಎರಡು ಇನಿಶಿಯಲ್. ಟಿ ಅಂದರೆ ತುರುವೇಕೆರೆ, ಆರ್ ಅಂದರೆ ಅಪ್ಪ. ಎಸ್‌ಎಸ್‌ಎಲ್‌ಸಿ ಮಾರ್ಕ್ಸ್ ಕಾರ್ಡ್‌ನಲ್ಲಿ ಇನಿಶಿಯಲ್ ಹೆಸರಿನ ಹಿಂದೆ ಇದೆ, ಆಧಾರ್‌ನಲ್ಲಿ ಮುಂದೆ ಇದೆ. ಪ್ಯಾನ್ ಅರ್ಜಿಯಲ್ಲಿ ಇನಿಶಿಯಲ್ ಹಾಗೇ ಹಾಕಲು ಬಿಡುವುದಿಲ್ಲ, ಅಲ್ಲಿ ಅಪ್ಪನ ಹೆಸರೇ ನನ್ನ ಸರ್‌ನೇಮ್. ಒಂದು ಸೈಟ್‌ನಲ್ಲಿ ಒಂಟಿ ಅಕ್ಷರ ಹಾಕಿದರೆ ಕೆಂಪು ಗೆರೆ ಬಂತು. ಇನ್ನೊಂದರಲ್ಲಿ ಬರೀ ಚುಕ್ಕಿ ಇಟ್ಟೆ. ಮತ್ತೊಂದರಲ್ಲಿ ನನ್ನ ಹೆಸರನ್ನೇ ಎರಡು ಸಲ ಬರೆದೆ. ಹೀಗೆ ಊರ ತುಂಬ ನಾನು ಮೂರು ಜನ ಆಗಿದ್ದೆ. ಕೊನೆಗೆ ಪ್ಯಾನ್‌ನಲ್ಲಿ ಇರುವಂತೆಯೇ ರೆಸ್ಯೂಮೆಯಲ್ಲೂ ಫಾರ್ಮ್‌ನಲ್ಲೂ ಬರೆಯುವುದು ಅಂತ ಗಟ್ಟಿ ಮಾಡಿದೆ. ನಾಳೆ ಸಂಬಳ ಕೊಟ್ಟು ಅದರಲ್ಲಿ ಮುರಿದ ತೆರಿಗೆ, ಅಂದರೆ ಟಿಡಿಎಸ್, ಕಟ್ಟುವಾಗ ಅವರು ನೋಡುವುದು ಅದನ್ನೇ ತಾನೇ? ಮಾರ್ಕ್ಸ್ ಕಾರ್ಡ್‌ನಲ್ಲಿ ಬೇರೆ ಥರ ಇದೆ ಅಂತ ವೆರಿಫಿಕೇಶನ್ ಸಮಯದಲ್ಲಿ ಹೇಳಿದರಾಯಿತು.

ತಾರೀಖುಗಳದ್ದು ಸಣ್ಣ ಕೆಲಸ, ಆದರೆ ಸೊನ್ನೆ ವರ್ಷದ ಗುಟ್ಟು ಅಲ್ಲೇ ಇತ್ತು. ‘2016–22’ ಅಂತ ಗೀಚಿದ್ದೆ. ‘ಏಪ್ರಿಲ್ 2016 – ಮಾರ್ಚ್ 2022’ ಅಂತ ಇಂಗ್ಲಿಷ್‌ನಲ್ಲಿ ಪೂರ್ತಿ ಬರೆದ ತಕ್ಷಣ ಅದೇ ಸೈಟ್ ಆರು ವರ್ಷ ಲೆಕ್ಕ ಹಾಕಿತು. ನಂತರದ ಎರಡು ವರ್ಷಕ್ಕೆ ‘ಮಗುವಿನ ಆರೈಕೆಗಾಗಿ ಬಿಡುವು’ ಎಂದು ಒಂದೇ ಸಾಲು. ಮುಚ್ಚಿಡುವುದು ಏನಿದೆ? ಪಿಯುಸಿ ಪಕ್ಕ ‘12ನೇ ತರಗತಿ’ ಅಂತಲೂ ಸೇರಿಸಿದೆ, ಹೊರ ರಾಜ್ಯದವರಿಗೆ ಪಿಯುಸಿ ಅಂದರೆ ಏನೆಂದು ತಿಳಿಯಬೇಕಲ್ಲ.

ಇಷ್ಟಾದ ಮೇಲೂ ಒಳಗಿನ ಮಾತು ಸಪ್ಪೆಯಾಗಿತ್ತು. ಅದನ್ನು ಹಿಡಿದವಳು ಕಾಲೇಜಿನ ಗೆಳತಿ. ಅವಳೀಗ ಒಂದು ಕಡೆ ಎಚ್‌ಆರ್. ‘ಐನೂರು ಅರ್ಜಿ ಬಂದ್ರೆ ಐನೂರೂ ಓದಲ್ಲ ಕಣೇ. ಜಿಎಸ್‌ಟಿಆರ್-3ಬಿ ಅಂತ ಟೈಪ್ ಮಾಡಿ ಹುಡುಕ್ತೀನಿ. ಸಿಕ್ಕಿದವರದ್ದು ಮೊದಲು ನೋಡ್ತೀನಿ. ನಿಂದು ಸಿಗಲ್ಲ ನೋಡು’ ಅಂದಳು. ನಿಜ. 3ಬಿ ಅಂದರೆ ಜಿಎಸ್‌ಟಿಯ ಒಂದು ರಿಟರ್ನ್. ನಾನು ದೊಡ್ಡದಾಗಿ ‘ಸ್ಟ್ಯಾಚುಟರಿ ಕಂಪ್ಲಯನ್ಸ್’ ಅಂತ ಬರೆದಿದ್ದೆ. ಜಿಎಸ್‌ಟಿ, ಟಿಡಿಎಸ್ ಎಂಬ ಪದಗಳೇ ಇರಲಿಲ್ಲ. ಕಂಪನಿಗಳು ಅರ್ಜಿ ತೆಗೆದುಕೊಳ್ಳಲು ಬಳಸುವ ಎಟಿಎಸ್ ಎಂಬ ಸಾಫ್ಟ್‌ವೇರ್ ಯಾವುದೋ ರಾಕ್ಷಸ, ಅದೇ ಎಲ್ಲರನ್ನೂ ಕಸಕ್ಕೆ ಎಸೆಯುತ್ತದೆ ಅಂತ ನಾನು ನಂಬಿದ್ದೆ. ಅವಳ ಪ್ರಕಾರ ಅದು ಮುಖ್ಯವಾಗಿ ಅರ್ಜಿಗಳನ್ನು ಜೋಡಿಸಿಡುವ ಒಂದು ಬೀರು. ತಾನಾಗಿ ತಳ್ಳಿಹಾಕುವುದು ಹೆಚ್ಚಾಗಿ ‘ಬೆಂಗಳೂರಿನಲ್ಲಿ ಕೆಲಸ ಮಾಡಲು ಒಪ್ಪಿಗೆಯೇ’ ಎಂಬಂಥ ಪ್ರಶ್ನೆಗೆ ‘ಇಲ್ಲ’ ಒತ್ತಿದಾಗ. ಬೇಕಾದ ಪದಗಳನ್ನು ಬಿಳಿ ಬಣ್ಣದಲ್ಲಿ ಬಚ್ಚಿಡುವ ಉಪಾಯ ಕೇಳಿದ್ದೆ, ಅದನ್ನೂ ಕೇಳಿದೆ. ನಕ್ಕಳು. ‘ನನ್ನ ಸ್ಕ್ರೀನ್‌ನಲ್ಲಿ ಎಲ್ಲ ಕಪ್ಪಗೇ ಕಾಣತ್ತೆ.’

ಆಮೇಲೆ ಮಾಡಿದ ಕೆಲಸವನ್ನು ಮಾಡಿದ ಹಾಗೇ ಬರೆದೆ. ಪ್ರತಿ ತಿಂಗಳು ಜಿಎಸ್‌ಟಿಆರ್-1 ಮತ್ತು 3ಬಿ ಸಲ್ಲಿಕೆ. ಮೂರು ತಿಂಗಳಿಗೊಮ್ಮೆ ಟಿಡಿಎಸ್ ರಿಟರ್ನ್, ಫಾರ್ಮ್ 26ಕ್ಯೂ. ಟ್ಯಾಲಿ ಇಆರ್‌ಪಿ 9, ನಂತರ ಟ್ಯಾಲಿಪ್ರೈಮ್, ತಿಂಗಳಿಗೆ ಸುಮಾರು 400 ವೋಚರ್. ಬ್ಯಾಂಕ್ ರಿಕನ್ಸಿಲಿಯೇಶನ್ ಪಕ್ಕದಲ್ಲಿ ಬಿಆರ್‌ಎಸ್ ಅಂತಲೂ ಹಾಕಿದೆ, ಯಾರು ಯಾವುದನ್ನು ಹುಡುಕುತ್ತಾರೋ! ಜಾಹೀರಾತಿನಲ್ಲಿ ಅವರು ಬಳಸಿದ ಪದ ನನಗೂ ನಿಜವಾಗಿ ಹೊಂದುವುದಾದರೆ, ಅದೇ ಪದಕ್ಕೆ ಬದಲಾಯಿಸಿ ಕಳಿಸುತ್ತಿದ್ದೆ. ಒಂದು ಅರ್ಜಿಗೆ ಹತ್ತು ನಿಮಿಷ ಜಾಸ್ತಿ ಬೇಕಿತ್ತು. ಅರ್ಜಿ ಹಾಕಲು ಕೂತ ದಿನ ಐದರ ಬದಲು ಎರಡೇ ಕಳಿಸಿದೆ.

ಫೈಲಿನ ಹೆಸರು ‘ಫೈನಲ್ ನ್ಯೂ 3’ ಇದ್ದದ್ದು ನನ್ನ ಹೆಸರು ಮತ್ತು ‘ಅಕೌಂಟೆಂಟ್’ ಆಯಿತು. ವರ್ಡ್‌ನಿಂದಲೇ ಪಿಡಿಎಫ್ ಆಗಿ ಸೇವ್ ಮಾಡುತ್ತೇನೆ. ಪ್ರಿಂಟ್ ತೆಗೆದು ಮೊಬೈಲಿನಲ್ಲಿ ಸ್ಕ್ಯಾನ್ ಮಾಡಿದರೆ ಅದು ಸಾಮಾನ್ಯವಾಗಿ ಬರೀ ಚಿತ್ರ, ನೋಟ್‌ಪ್ಯಾಡ್‌ಗೆ ಒಂದಕ್ಷರವೂ ಬೀಳುವುದಿಲ್ಲ.

ಎರಡನೇ ತಿಂಗಳಲ್ಲಿ ನಾಲ್ಕು ಕಡೆಯಿಂದ ಫೋನ್ ಬಂತು. ಅದರಲ್ಲಿ ಒಂದು ರಾಜಾಜಿನಗರದ ಕಚೇರಿ. ಇಂಟರ್‌ವ್ಯೂಗೆ ಪ್ರಿಂಟ್ ತೆಗೆದುಕೊಂಡು ಹೋದೆ. ಅರವತ್ತು ದಾಟಿದ ಮಾಲೀಕರು ಕನ್ನಡಕ ಏರಿಸಿ ಹಾಳೆಯನ್ನು ಮೇಲಿಂದ ಕೆಳಗೆ ನೋಡಿದರು. ಹಿಂದೆ ತಿರುಗಿಸಿದರು. ಮತ್ತೆ ಮುಂದೆ ತಿರುಗಿಸಿದರು.

‘ಎಲ್ಲ ಸರಿ. ಡಿಕ್ಲರೇಶನ್ ಎಲ್ಲಮ್ಮಾ?’

ಅವರ ಮೇಜಿನ ಮೇಲಿದ್ದ ಪೆನ್ನು ತೆಗೆದುಕೊಂಡು ಅಲ್ಲೇ ಬರೆದು ಸಹಿ ಹಾಕಿದೆ.