ಬೋರ್ ನೀರಿನಲ್ಲಿ ನೈಟ್ರೇಟ್ ಇದೆಯಾ? ಹೀಗೆ ನೋಡಿಸಿ

ಹಾವೇರಿ ಕಡೆ ಹಳ್ಳಿಗಳಲ್ಲಿ ನೀರು ಹೇಗಿದೆ ಅಂತ ಕೇಳಿದರೆ ಉತ್ತರ ಎರಡೇ. ಸಿಹಿ, ಇಲ್ಲಾ ಸವಳು. ಆದರೆ ಗೊಬ್ಬರ, ತಿಪ್ಪೆ, ಗಂಜಲದಿಂದ ನೀರಿಗೆ ಸೇರುವ ನೈಟ್ರೇಟ್ ಅನ್ನೋ ಲವಣ ನಾಲಿಗೆಗೆ ಸಿಗುವುದಿಲ್ಲ. ಬಣ್ಣ ಇಲ್ಲ, ವಾಸನೆ ಇಲ್ಲ. ಸಿಹಿನೀರಿನ ಬೋರಿನಲ್ಲೂ ಇರಬಹುದು.

ಮೊದಲು ಬೋರಿನ ಸುತ್ತ ಒಂದು ಸುತ್ತು ಹಾಕಿ. ತಿಪ್ಪೆ ಎಷ್ಟು ದೂರ? ಪಾಯಿಖಾನೆ ಗುಂಡಿ ಎಲ್ಲಿದೆ? ದನದ ಗಂಜಲ ಎತ್ತ ಹರಿಯುತ್ತದೆ? ಗೋವಿನಜೋಳದ ಹೊಲ ಪಕ್ಕದಲ್ಲೇ ಇದ್ದರೆ ಯೂರಿಯಾ ಲೆಕ್ಕವನ್ನೂ ಹಾಕಿ. 45 ಕಿಲೋ ಚೀಲದಲ್ಲಿ ಸುಮಾರು 20 ಕಿಲೋ ಸಾರಜನಕ ಇರುತ್ತದೆ. ಬೆಳೆ ಹೀರಿ ಉಳಿದದ್ದರಲ್ಲಿ ಒಂದು ಪಾಲು ಮಣ್ಣಿನಲ್ಲಿ ನೈಟ್ರೇಟ್ ಆಗಿ ಮಳೆ ನೀರಿನ ಜೊತೆ ಕೆಳಗಿಳಿಯುತ್ತದೆ. ಕುಡಿಯುವ ನೀರಿನಲ್ಲಿ ನೈಟ್ರೇಟಿಗೆ ನಮ್ಮ ದೇಶದ ಮಿತಿ ಲೀಟರಿಗೆ 45 ಮಿಲಿಗ್ರಾಂ. ಒಂದೇ ಚೀಲದ ಸಾರಜನಕವೆಲ್ಲ ಕೆಳಗಿಳಿದರೆ 20 ಲಕ್ಷ ಲೀಟರ್ ನೀರು ಆ ಮಿತಿ ಮುಟ್ಟುತ್ತದೆ. ಎಲ್ಲವೂ ಇಳಿಯಲ್ಲ ಬಿಡಿ. ಆದರೆ ಒಂದೇ ಚೀಲ ಹಾಕಿ ಸುಮ್ನಿರುವವರು ಯಾರು?

ಈಗ ನೀರು ಹಿಡಿಯುವುದು. ಟ್ಯಾಂಕಿನಿಂದ ಬೇಡ, ಬೋರಿನಿಂದಲೇ ಹಿಡಿಯಿರಿ. ಮೋಟರ್ ಹಾಕಿ ಹತ್ತು ನಿಮಿಷ ಹರಿಯಲು ಬಿಡಿ. ಒಂದು ಲೀಟರಿನ ಹೊಸ ಪ್ಲಾಸ್ಟಿಕ್ ಬಾಟಲಿಯನ್ನು ಅದೇ ನೀರಿನಲ್ಲಿ ಮೂರು ಸಲ ಗಲಬರಿಸಿ ತುಂಬಿ. ಸೋಪು ಬೇಡ. ಊರು, ಬೋರು, ತಾರೀಖು ಬರೆದು ಅಂಟಿಸಿ. ಐಸ್ ಜೊತೆ ಚೀಲದಲ್ಲಿಟ್ಟು ಅವತ್ತೇ ಜಿಲ್ಲೆಯ ನೀರು ಪರೀಕ್ಷೆ ಲ್ಯಾಬಿಗೆ ಮುಟ್ಟಿಸಿದರೆ ಒಳ್ಳೆಯದು. ಪಂಚಾಯಿತಿಯಲ್ಲಿ ಟೆಸ್ಟ್ ಕಿಟ್ ಇದ್ದರೆ ಮೊದಲು ಅದರಲ್ಲೇ ನೋಡಬಹುದು. ಆದರೆ ಅದು ಅಂದಾಜು ಮಾತ್ರ.

ರಿಪೋರ್ಟ್ ಬಂದಾಗ ಹಲವರು ಎಡವುವುದು ಒಂದೇ ಕಡೆ. ಅಂಕಿಯ ಪಕ್ಕ ‘ನೈಟ್ರೇಟ್’ ಅಂತ ಇದೆಯಾ, ‘ನೈಟ್ರೇಟ್ ಸಾರಜನಕ’ ಅಂತ ಇದೆಯಾ ನೋಡಿ. ಎರಡನೆಯದಾದರೆ ಅದು ನೈಟ್ರೇಟಿನೊಳಗಿನ ಸಾರಜನಕದ ತೂಕ ಮಾತ್ರ, 4.43ರಿಂದ ಗುಣಿಸಬೇಕು. 12 ಅಂತ ಕಂಡಿದ್ದು ಅಸಲಿಗೆ 53!

ಮಿತಿ ದಾಟಿದೆಯಾ? ಹಾಗಾದರೆ ಕುದಿಸಬೇಡಿ. ನಮ್ಮ ಮನೆಯಲ್ಲೂ ಬಾಣಂತಿಗೆ, ಕೂಸಿಗೆ ಅಂತ ಕಾಯಿಸಿ ಆರಿಸಿದ ನೀರೇ. ಕುದಿಸಿದರೆ ರೋಗಾಣು ಸಾಯುತ್ತವೆ, ನಿಜ. ನೈಟ್ರೇಟ್ ಮಾತ್ರ ಆವಿಯಾಗಲ್ಲ. 60 ಮಿಲಿಗ್ರಾಂ ಇರುವ ಎರಡು ಲೀಟರ್ ನೀರು ಕುದ್ದು ಒಂದೂವರೆ ಲೀಟರ್ ಆದರೆ ಲೀಟರಿಗೆ 80 ಆಗುತ್ತದೆ. ಕ್ಲೋರಿನ್, ಪಟಕ, ಕ್ಯಾಂಡಲ್ ಫಿಲ್ಟರ್ ಕೂಡ ಇದಕ್ಕೆ ಕೆಲಸಕ್ಕೆ ಬರಲ್ಲ.

ಹೆಚ್ಚು ಅಪಾಯ ಆರು ತಿಂಗಳೊಳಗಿನ, ಬಾಟಲಿ ಹಾಲು ಕುಡಿಯುವ ಕೂಸುಗಳಿಗೆ. ನೈಟ್ರೇಟ್ ಹೊಟ್ಟೆಯಲ್ಲಿ ನೈಟ್ರೈಟ್ ಆಗಿ, ರಕ್ತ ಆಮ್ಲಜನಕ ಒಯ್ಯುವುದಕ್ಕೆ ಅಡ್ಡಿ ಮಾಡುತ್ತದೆ. ತುಟಿ, ಉಗುರು ನೀಲಿಗಟ್ಟಿದರೆ ಕಾಯಬೇಡಿ, ಆಸ್ಪತ್ರೆಗೆ ಓಡಿ. ಹಾಲಿನ ಪುಡಿ ಕಲಸಲು ನೈಟ್ರೇಟ್ ಕಡಿಮೆ ಇರುವ ನೀರೇ ಬೇಕು.

ಊರಿನ ಶುದ್ಧ ನೀರಿನ ಘಟಕದ ಆರ್‌ಒ (ಮೆಂಬ್ರೇನ್ ಅನ್ನೋ ತೆಳು ಪೊರೆಯಲ್ಲಿ ನೀರು ಸೋಸುವ ಯಂತ್ರ) ನೈಟ್ರೇಟನ್ನು ತೆಗೆಯುತ್ತದೆ. ಆದರೆ ಅದರ ಮೆಂಬ್ರೇನ್ ಬದಲಿಸಿ ಎಷ್ಟು ದಿನವಾಯಿತು ಅಂತ ಕೇಳಿ. ಕಾಯಿನ್ ಹಾಕಿ ಹಿಡಿದ ನೀರನ್ನೂ ಒಂದು ಸಲ ಪರೀಕ್ಷೆಗೆ ಕಳಿಸಿ. ಘಟಕದಿಂದ ಹೊರಹೋಗುವ ವೇಸ್ಟ್ ನೀರಿನಲ್ಲಿ ನೈಟ್ರೇಟ್ ಜಾಸ್ತಿ ಇರುತ್ತದೆ. ಆ ಪೈಪು ಬೋರಿನ ಬುಡಕ್ಕೆ ಬಿಟ್ಟಿದ್ದರೆ ಇವತ್ತೇ ತಿರುಗಿಸಿ, ತೆಂಗಿನ ಗಿಡಗಳ ಕಡೆಗೆ.