ಬೆಂಗಳೂರಿನ ಸಮಾವೇಶ, ಸಾಗರದ ಸುಲಿಯುವ ಯಂತ್ರ

ಶಿವಮೊಗ್ಗದಲ್ಲಿ ಕುಳಿತು ಪೇಟೆಂಟ್ ಕೆಲಸ ಮಾಡುತ್ತೇನೆ ಎಂದರೆ ಇಲ್ಲಿನ ವಕೀಲ ಮಿತ್ರರೇ ‘ಅದಕ್ಕೆ ಕಕ್ಷಿದಾರರು ಎಲ್ಲಿಂದ ಬರುತ್ತಾರೆ ಮಾರಾಯರೇ?’ ಎಂದು ಕೇಳುತ್ತಾರೆ. ಬರುತ್ತಾರೆ. ಅಡಿಕೆ ಸುಲಿಯುವ ಯಂತ್ರದ ಬ್ಲೇಡು ಬದಲಿಸಿದವರು, ಕಡಿಮೆ ಸೌದೆಯಲ್ಲಿ ಒಣಗಿಸುವ ಡ್ರೈಯರ್ ಕಟ್ಟಿದವರು, ಔಷಧಿ ಹೊಡೆಯುವ ದೋಟಿಗೆ ಹೊಸ ಕೀಲು ಹಾಕಿದವರು, ಎಂಜಿನಿಯರಿಂಗ್ ಕಾಲೇಜಿನ ಉಪನ್ಯಾಸಕರು. ಕರ್ನಾಟಕದ ಅರ್ಜಿಗಳು ಚೆನ್ನೈ ಪೇಟೆಂಟ್ ಕಚೇರಿಯ ವ್ಯಾಪ್ತಿಗೆ ಬರುತ್ತವೆ. ಸಲ್ಲಿಕೆ ಆನ್‌ಲೈನಿನಲ್ಲಿ, ವಿಚಾರಣೆ ವಿಡಿಯೊದಲ್ಲಿ. ಹಾಗಾಗಿ ಊರು ಯಾವುದಾದರೂ ನಡೆಯುತ್ತದೆ. ತೊಂದರೆ ಇರುವುದು ಬೇರೆ ಕಡೆ: ನಿಯಮ ಬದಲಾದಾಗ ಪಕ್ಕದ ಕೋಣೆಯ ವಕೀಲರನ್ನು ಕೇಳೋಣವೆಂದರೆ ಅವರ ಮೇಜಿನ ಮೇಲಿರುವುದೆಲ್ಲ ಪಾಲು ದಾವೆಯ ಕಡತಗಳು.

ಆದ್ದರಿಂದ ಬೆಂಗಳೂರಿನಲ್ಲಿ ಬೌದ್ಧಿಕ ಆಸ್ತಿ ವಕೀಲರು ಸೇರುವ ಸಮಾವೇಶಗಳಿಗೆ ಹೋಗುತ್ತೇನೆ. ದೊಡ್ಡ ಹೋಟೆಲು, ಕೊರಳಿಗೆ ಗುರುತಿನ ಚೀಟಿ, ದಿನದ ಬಹುಪಾಲು ಔಷಧ ಕಂಪನಿಗಳ ಮತ್ತು ಮೊಬೈಲ್ ತಂತ್ರಜ್ಞಾನದ ಮಾತು. ಗೊತ್ತಿರುವ ಔಷಧದ ಹೊಸ ರೂಪಕ್ಕೆ ಸುಲಭವಾಗಿ ಪೇಟೆಂಟ್ ಕೊಡದ ಕಲಂ 3(ಡಿ) ಬಗ್ಗೆ ಸುಪ್ರೀಂ ಕೋರ್ಟು 2013ರಲ್ಲಿ ನೋವಾರ್ಟಿಸ್ ಪ್ರಕರಣದಲ್ಲಿ ಹೇಳಿದ್ದನ್ನು ಇಂದಿಗೂ ಯಾರಾದರೊಬ್ಬರು ವೇದಿಕೆಯಿಂದ ವಿವರಿಸುತ್ತಾರೆ. ಕೇಳಲು ಚೆನ್ನಾಗಿರುತ್ತದೆ, ನನ್ನ ಕಕ್ಷಿದಾರರಿಗೆ ಅದರಿಂದ ಆಗಬೇಕಾದ್ದೇನೂ ಇಲ್ಲ. ಅದಕ್ಕೇ ನಾನು ಹೋಗುವ ಮೊದಲೇ ಬದಲಾದ ನಿಯಮದ ಮೂಲ ಪಾಠವನ್ನು ಓದಿಕೊಂಡು, ಒಂದು ನಿಜವಾದ ಕಡತದ ಪ್ರಶ್ನೆಯನ್ನು ಕಕ್ಷಿದಾರರ ಹೆಸರು ತೆಗೆದು ಚೀಟಿಯಲ್ಲಿ ಬರೆದುಕೊಂಡು ಹೋಗುತ್ತೇನೆ. ವೇದಿಕೆಯ ಮೇಲಿನವರನ್ನು ಕೇಳುವುದಿಲ್ಲ. ಊಟದ ಸಾಲಿನಲ್ಲಿ ತಟ್ಟೆ ಹಿಡಿದು ನಿಂತ ಹಿರಿಯರು ಮೈಕಿನ ಮುಂದೆ ಹೇಳದಿದ್ದನ್ನೂ ಹೇಳುತ್ತಾರೆ.

ಪೇಟೆಂಟ್ ನಿಯಮಗಳ ತಿದ್ದುಪಡಿ 2024ರ ಮಾರ್ಚ್ 15ರಂದು ಜಾರಿಗೆ ಬಂದ ಮೇಲೆ ನಡೆದ ಸಭೆಗಳಲ್ಲಿ ಎಲ್ಲರ ಬಾಯಲ್ಲೂ ಅದೇ. ಪೇಟೆಂಟ್ ಕೊಡುವ ಮೊದಲೇ ಸಲ್ಲಿಸುವ ಆಕ್ಷೇಪಣೆಗೆ ಶುಲ್ಕ ಬಂದದ್ದು, ವಿದೇಶಿ ಅರ್ಜಿಗಳ ವಿವರ ಕೊಡುವ ನಮೂನೆ 3 ಹಗುರಾದದ್ದು ದೊಡ್ಡ ಕಚೇರಿಗಳವರಿಗೆ ಮುಖ್ಯವಾಗಿದ್ದವು. ನನ್ನ ಚೀಟಿಯಲ್ಲಿದ್ದದ್ದು ಹೆಚ್ಚು ಸದ್ದು ಮಾಡದ ನಮೂನೆ 31.

ಆ ಕಡತ ಸಾಗರ ಕಡೆಯ ಒಬ್ಬ ವರ್ಕ್‌ಶಾಪ್ ಮಾಲೀಕರದು. ಹಸಿ ಅಡಿಕೆ ಸುಲಿಯುವಾಗ ಕಾಯಿಯ ಗಾತ್ರ ಬದಲಾದರೂ ಒಳಗಿನ ಬೇಳೆಗೆ ಗಾಯವಾಗದಂತೆ ಬ್ಲೇಡು ಹಿಂದೆ ಸರಿಯುವ ಸ್ಪ್ರಿಂಗ್ ಜೋಡಣೆ ಮಾಡಿದ್ದರು. ಯಂತ್ರವನ್ನು ಕೃಷಿ ಮೇಳದಲ್ಲಿ ಓಡಿಸಿ ತೋರಿಸಿದ್ದರು. ಜನ ವಿಡಿಯೊ ಮಾಡಿ ಹಂಚಿದ್ದರು. ಅದಾದ ಮೇಲೆ ನನ್ನ ಬಳಿ ಬಂದು, ‘ಮೇಳದಲ್ಲಿ ತೋರಿಸಿದರೆ ಒಂದು ವರ್ಷ ರಿಯಾಯಿತಿ ಇದೆಯಂತೆ ಅಲ್ಲವೇ ವಕೀಲರೇ?’ ಎಂದರು.

ಅರ್ಜಿಗೆ ಮೊದಲೇ ಬಹಿರಂಗವಾದ ಆವಿಷ್ಕಾರ ಹೊಸತಲ್ಲ ಎಂದಾಗಿ ಸಾಮಾನ್ಯವಾಗಿ ಪೇಟೆಂಟ್ ಸಿಗುವುದಿಲ್ಲ. ಅದಕ್ಕೆ ರಿಯಾಯಿತಿ ಇದೆ, ಆದರೆ ಎಲ್ಲರಿಗೂ ಅಲ್ಲ. ಪೇಟೆಂಟ್ ಕಾಯಿದೆಯ ಕಲಂ 31 ಕೊಡುವ 12 ತಿಂಗಳ ರಕ್ಷಣೆ ಕೇಂದ್ರ ಸರ್ಕಾರ ಗೆಜೆಟ್‌ನಲ್ಲಿ ಅಧಿಸೂಚಿಸಿದ ಪ್ರದರ್ಶನಗಳಿಗೆ ಮತ್ತು ವಿದ್ವತ್ ಸಂಘದ ಮುಂದೆ ಓದಿದ ಪ್ರಬಂಧಗಳಿಗೆ ಮಾತ್ರ. ನಮೂನೆ 31 ಆ ರಕ್ಷಣೆಯನ್ನು ಕೇಳುವ ದಾರಿಯೇ ಹೊರತು ರಕ್ಷಣೆಯ ವ್ಯಾಪ್ತಿಯನ್ನು ಹಿಗ್ಗಿಸುವುದಿಲ್ಲ. ಊಟದ ಸಾಲಿನಲ್ಲಿ ಒಬ್ಬ ಹಿರಿಯರು ಚೀಟಿ ಓದಿ ‘ಅಧಿಸೂಚನೆ ತೋರಿಸಿ, ಆಮೇಲೆ ಮಾತನಾಡೋಣ’ ಎಂದರು. ಆ ಮೇಳಕ್ಕೆ ಅಧಿಸೂಚನೆ ಇರಲಿಲ್ಲ. ಇನ್ನೊಬ್ಬರು ಕಲಂ 32 ನೆನಪಿಸಿದರು: ಆವಿಷ್ಕಾರದ ಸ್ವರೂಪದಿಂದಾಗಿ ಬಹಿರಂಗವಾಗಿಯೇ ಪರೀಕ್ಷಿಸಬೇಕಾಗಿದ್ದರೆ, ಅರ್ಜಿಗೆ ಹಿಂದಿನ ಒಂದು ವರ್ಷದೊಳಗಿನ ಅಂಥ ಪ್ರಯೋಗ ಮುಳುವಾಗುವುದಿಲ್ಲ. ನೆರೆಯವರ ಅಂಗಳದಲ್ಲಿ ಓಡಿಸಿ ನೋಡಿದ್ದನ್ನು ಅದರಡಿ ತರಬಹುದು. ಗಿರಾಕಿ ಹುಡುಕಲು ಮೇಳದಲ್ಲಿ ಓಡಿಸಿದ್ದನ್ನು ತರಲಾಗದು.

ಅಲ್ಲಿಂದ ಮರಳಿ ನಾನು ಮಾಡಿದ ಕೆಲಸವೆಂದರೆ ಆ ವಿಡಿಯೊಗಳನ್ನು ಒಂದೊಂದಾಗಿ ನೋಡಿದ್ದು. ಕಾನೂನಿನ ಪುಸ್ತಕಕ್ಕಿಂತ ಅದರಲ್ಲೇ ಹೆಚ್ಚು ಉತ್ತರವಿತ್ತು. ಯಂತ್ರಕ್ಕೆ ತಗಡಿನ ಕವಚವಿತ್ತು. ಕಾಯಿ ಬೀಳುವುದು, ಬೇಳೆ ಹೊರಬರುವುದು ಬಿಟ್ಟರೆ ಒಳಗಿನದೇನೂ ಕಾಣುತ್ತಿರಲಿಲ್ಲ. ಯಾರಿಗೂ ಮಾರಿರಲಿಲ್ಲ, ಕವಚ ಬಿಚ್ಚಿ ತೋರಿಸಿರಲಿಲ್ಲ. ಮೇಲಾಗಿ, ಮೇಳದ ನಂತರ ಅವರು ಸ್ಪ್ರಿಂಗಿನ ಬಿಗಿ ಹೊಂದಿಸುವ ಭಾಗವನ್ನು ಪೂರ್ತಿ ಬದಲಿಸಿದ್ದರು. ಯಾವುದರ ಮೇಲೆ ಹಕ್ಕು ಬೇಕೆಂದು ಅರ್ಜಿಯಲ್ಲಿ ಹೇಳುವ ಹಕ್ಕುಕೋರಿಕೆಯನ್ನು ಆ ಹೊಸ ಭಾಗದ ಸುತ್ತಲೇ ಬಿಗಿಯಾಗಿ ಕಟ್ಟಿದೆ. ತಾತ್ಕಾಲಿಕ ವಿವರಣೆ ಸಲ್ಲಿಸಿ, ಪೂರ್ಣ ವಿವರಣೆಗೆ ಸಿಗುವ 12 ತಿಂಗಳಲ್ಲಿ ಒಂದು ಕೊಯ್ಲಿನ ಅನುಭವವನ್ನೂ ಸೇರಿಸಿಕೊಂಡೆವು. ವ್ಯಕ್ತಿಯ ಹೆಸರಿನಲ್ಲಿ ಆನ್‌ಲೈನ್ ಅರ್ಜಿ ಶುಲ್ಕ 1,600 ರೂಪಾಯಿ. ಅವರು ಲಕ್ಷಗಟ್ಟಲೆ ಎಂದು ಭಾವಿಸಿದ್ದರು. ಪೇಟೆಂಟ್ ಸಿಗುತ್ತದೆಯೇ ಎಂಬುದು ಪರೀಕ್ಷಕರಿಗೆ ಬಿಟ್ಟದ್ದು.

ಇಂಥ ವಿಷಯ ನನ್ನೊಬ್ಬನಲ್ಲೇ ಉಳಿಯಬಾರದೆಂದು ಕಚೇರಿಯಲ್ಲಿ ತಿಂಗಳಿಗೊಮ್ಮೆ ಸಂಜೆಯ ಕೂಟ ಶುರುಮಾಡಿದೆ. ಕಿರಿಯ ವಕೀಲರು, ಉಪನ್ಯಾಸಕರು, ಲೇತ್ ಅಂಗಡಿಯವರು ಬರುತ್ತಾರೆ. ಉಪನ್ಯಾಸವಿಲ್ಲ. ಒಂದು ಬದಲಾವಣೆಯನ್ನು ಒಂದೇ ಪುಟದ ಕನ್ನಡ ಟಿಪ್ಪಣಿಯಾಗಿ ಹಂಚಿ, ಅದು ಯಾರ ಕಡತಕ್ಕೆ ತಾಗುತ್ತದೆ ಎಂದು ಕೇಳುತ್ತೇನೆ. ಪೇಟೆಂಟ್ ಅರ್ಜಿಯ ಪರೀಕ್ಷೆ ಕೋರುವ ಗಡುವು 48 ತಿಂಗಳಿಂದ 31 ತಿಂಗಳಿಗೆ ಇಳಿದದ್ದು 2024ರ ಮಾರ್ಚ್ 15ರಿಂದೀಚೆಗೆ ಸಲ್ಲಿಸಿದ ಅರ್ಜಿಗಳಿಗೆ ಮಾತ್ರ ಎಂದಾಗ ಒಬ್ಬ ಉಪನ್ಯಾಸಕರು ಎದ್ದು ಹೋಗಿ ಕಾಲೇಜಿಗೆ ಫೋನು ಮಾಡಿ ಬಂದರು. ಪೇಟೆಂಟ್ ಬಳಕೆಯ ಹೇಳಿಕೆಯನ್ನು ಈಗ ಮೂರು ಹಣಕಾಸು ವರ್ಷಕ್ಕೊಮ್ಮೆ ಕೊಟ್ಟರೆ ಸಾಕೆಂಬುದಕ್ಕೆ ಎಲ್ಲರೂ ಸಂತೋಷಪಟ್ಟರು, ಅಷ್ಟೇ.

ಜಗಳ ಹತ್ತಿದ್ದು ಕಲಂ 3(ಎಚ್) ಮೇಲೆ. ಕೃಷಿ ಅಥವಾ ತೋಟಗಾರಿಕೆಯ ವಿಧಾನಕ್ಕೆ ಪೇಟೆಂಟ್ ಇಲ್ಲ ಎನ್ನುತ್ತದೆ ಅದು. ‘ಹಾಗಾದರೆ ನಮ್ಮ ಬುದ್ಧಿಗೆ ಬೆಲೆಯೇ ಇಲ್ಲವೇ?’ ಎಂದು ತೋಟದವರೊಬ್ಬರು ಸಿಟ್ಟಾದರು. ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುವ ಕ್ರಮವನ್ನು ಯಾರೋ ತಮ್ಮದೆಂದು ಬರೆಸಿಕೊಂಡರೆ ನಿಮಗೆ ಒಪ್ಪಿಗೆಯೇ ಎಂದು ನಾನು ಕೇಳಿದೆ. ಕಲಂ ಇರುವುದೇ ಸರಿ ಎಂಬುದು ನನ್ನ ನಿಲುವು. ಸಿಂಪಡಿಸುವ ಸಾಧನಕ್ಕೆ ಪೇಟೆಂಟ್ ಕೇಳಲು ಅದು ಅಡ್ಡ ಬರುವುದಿಲ್ಲ. ಅವರು ಇನ್ನೂ ಒಪ್ಪಿಲ್ಲ, ಆದರೆ ತಪ್ಪದೆ ಬರುತ್ತಾರೆ.

ಮುಂದಿನ ಕೂಟಕ್ಕೆ ಉಪ್ಪಾಗೆ ಎಂಬ ಕಾಡಿನ ಹುಳಿ ಹಣ್ಣಿನ ಸಿಪ್ಪೆಯಿಂದ ಸಾರ ತೆಗೆಯುವವರೊಬ್ಬರ ಪ್ರಶ್ನೆ ಇಟ್ಟುಕೊಂಡಿದ್ದೇವೆ. ತಿದ್ದುಪಡಿಯಾದ ಜೀವವೈವಿಧ್ಯ ಕಾಯಿದೆ 2024ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಸಿಪ್ಪೆ ಜೈವಿಕ ಸಂಪನ್ಮೂಲವಾದ್ದರಿಂದ ಪೇಟೆಂಟ್ ಸಿಗುವ ಮೊದಲು ಅವರು ರಾಷ್ಟ್ರೀಯ ಜೀವವೈವಿಧ್ಯ ಪ್ರಾಧಿಕಾರದಲ್ಲಿ ನೋಂದಾಯಿಸಬೇಕು. ಸಿಪ್ಪೆ ಯಾವ ಕಾಡಿನಿಂದ, ಯಾರ ಕೈಯಿಂದ ಬಂತು ಎಂಬ ಲೆಕ್ಕವನ್ನು ಈಗಿನಿಂದಲೇ ಬರೆದಿಡಲು ಹೇಳಿದ್ದೇನೆ.